ಇಲ್ಲಕ್ಕನ ಅಂಗಡಿ ಕಾರ್ಡು

ನಮ್ಮ ಗಲ್ಲಿಯಲ್ಲಿ ಬಟ್ಟೆ ಹೊಲಿಯುವವಳಿಗೆ ಇಲ್ಲಕ್ಕ ಅಂತ ಹೆಸರು ಬಿದ್ದದ್ದರ ಹಿಂದೆ ದೊಡ್ಡ ಕಥೆಯೇನೂ ಇಲ್ಲ. ಬಟ್ಟೆ ಯಾವಾಗ ಸಿಗುತ್ತದೆ ಎಂದು ಕೇಳಿದರೆ ಜಗತ್ತಿನ ಟೈಲರುಗಳೆಲ್ಲ ನಾಳೆ ಅನ್ನುತ್ತಾರೆ. ನಾಳೆ ಹೋದರೆ ಗುಂಡಿ ಬಾಕಿ, ನಾಡಿದ್ದು ಹೋದರೆ ಇಸ್ತ್ರಿ ಬಾಕಿ. ಇವಳು ಹಾಗಲ್ಲ. ನಾಳೆ ಸಿಗುತ್ತಾ ಅಂದರೆ ಇಲ್ಲ ಅನ್ನುತ್ತಾಳೆ. ಭಾನುವಾರ? ಇಲ್ಲ. ಹಾಗಾದರೆ ಯಾವಾಗ ಎಂದು ಸಿಟ್ಟಿನಿಂದ ಕೇಳಿದರೆ ಒಂದು ದಿನ ಹೇಳುತ್ತಾಳೆ, ಆ ದಿನ ಹೋದರೆ ಬಟ್ಟೆ ಮಡಚಿ ಇಟ್ಟಿರುತ್ತಾಳೆ. ಹೀಗೆ ಕಡ್ಡಿ ಮುರಿದ ಹಾಗೆ ಮಾತಾಡುವವರ ಹತ್ತಿರ ವ್ಯಾಪಾರ ನಿಲ್ಲುವುದಿಲ್ಲ ಎಂದು ಮೊದಮೊದಲು ಎಲ್ಲರೂ ಹೇಳಿದರು. ನಿಂತಿತು. ಸುಳ್ಳು ಕೇಳಿ ಕೇಳಿ ಬೇಸತ್ತವರೆಲ್ಲ ಅವಳ ಬಾಗಿಲಿಗೆ ಬಂದರು.

ಅಳತೆಯ ವಿಷಯದಲ್ಲಂತೂ ಅವಳಿಗೆ ಯಾರ ಮುಲಾಜೂ ಇಲ್ಲ. ಶಾಲೆಯ ಹೆಡ್‌ಮೇಡಂ ಕೋಟು ಹೊಲಿಸಲು ಬಂದವರು ಸೊಂಟಕ್ಕೆ ಟೇಪು ಸುತ್ತಿದ ಕೂಡಲೇ ಹೊಟ್ಟೆಯನ್ನು ಒಳಗೆಳೆದುಕೊಂಡು ನಿಂತರು. ಇಲ್ಲಕ್ಕ ಟೇಪು ಹಿಡಿದುಕೊಂಡೇ ಕಾದಳು. ಉಸಿರು ಬಿಡಿ ಮೇಡಂ, ನನಗೇನೂ ಅವಸರ ಇಲ್ಲ ಅಂದಳು. ಮನುಷ್ಯರು ಎಷ್ಟು ಹೊತ್ತು ಉಸಿರು ಕಟ್ಟಿಯಾರು? ಬಿಟ್ಟರು. ಆಗ ಬಂದ ಅಳತೆಯನ್ನು ಅವಳು ಬಟ್ಟೆಯ ಮೇಲೆ ಗುರುತು ಹಾಕುವ ತನ್ನ ಅತ್ತೆಗೆ ಕೂಗಿ ಹೇಳಿದಳು. ಅತ್ತೆಗೆ ಕಿವಿ ಮಂದ. ಆದ್ದರಿಂದ ಹೆಡ್‌ಮೇಡಂ ಸೊಂಟ ಎಷ್ಟು ಎಂಬುದು ಗಲ್ಲಿಯ ಕೊನೆಯಲ್ಲಿರುವ ನನ್ನ ಅಂಗಡಿಗೂ ತಲುಪಿತು.

ಟ್ರಯಲ್ ನೋಡಲು ಬಂದವರನ್ನು ಅವಳು ಕನ್ನಡಿಯ ಮುಂದೆ ನಿಲ್ಲಿಸುವುದಿಲ್ಲ. ಬಾಗಿಲ ತನಕ ನಡೆದು ಬನ್ನಿ ಅನ್ನುತ್ತಾಳೆ. ನಿಂತಾಗ ಎಲ್ಲರ ಬಟ್ಟೆಯೂ ಸರಿಯಾಗಿಯೇ ಕಾಣುತ್ತದೆ, ನಡೆದಾಗ ನಿಜ ಗೊತ್ತಾಗುತ್ತದೆ ಎಂಬುದು ಅವಳ ಲೆಕ್ಕ. ಕೋಟು ಹಾಕಿಕೊಂಡವರು, ಒಂದು ತೋಳು ಮಾತ್ರ ಇರುವ ಅಂಗಿ ಹಾಕಿಕೊಂಡವರು, ಗುಂಡುಸೂಜಿ ಚುಚ್ಚಿಸಿಕೊಂಡವರು, ಎಲ್ಲರೂ ಅವಳ ಮೆಷೀನಿನಿಂದ ಬಾಗಿಲ ತನಕ ಹೋಗಿ ಬರುವುದನ್ನು ನಾನು ದಿನವೂ ನೋಡುತ್ತೇನೆ.

ನನ್ನದು ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿ. ಸ್ಕ್ರೂ ಇಲ್ಲದ ವಸ್ತುವನ್ನು ನಾನು ನಂಬುವುದಿಲ್ಲ. ಬಿಚ್ಚಿ ನೋಡಲಾಗದ್ದರಲ್ಲಿ ಏನಿದೆ ಎಂದು ಹೇಗೆ ಗೊತ್ತಾಗಬೇಕು? ಇದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ಕಾರ್ಡಿನ ಬಗ್ಗೆ ನನಗಿರುವ ಸಿಟ್ಟು ಮುಂದೆ ಅಲ್ಲಲ್ಲಿ ಇಣುಕಬಹುದು.

ಕಾರ್ಡು ಬಂದದ್ದು ಹೀಗೆ. ಮುಖ್ಯರಸ್ತೆಯಲ್ಲಿ ನಾಲ್ಕು ಮಹಡಿಯ ದೊಡ್ಡಂಗಡಿ ಇದೆ. ಅದಕ್ಕೊಂದು ಸ್ಟೈಲಿನ ಹೆಸರು ಇದೆ, ನಾವು ದೊಡ್ಡಂಗಡಿ ಅನ್ನುತ್ತೇವೆ. ಇಲ್ಲಕ್ಕ ಅಲ್ಲಿಗೆ ಜಿಪ್ಪು ಕೊಳ್ಳಲು ಹೋಗಿದ್ದಳು. ಬಾಗಿಲಲ್ಲಿ ಒಂದು ಹುಡುಗಿ ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡು, ಬಂದವರನ್ನೆಲ್ಲ ತಡೆದು, ನಮ್ಮ ಅಂಗಡಿಯದೇ ಕ್ರೆಡಿಟ್ ಕಾರ್ಡು ತಗೊಳ್ಳಿ, ಯಾವ ಸಾಮಾನು ಕೊಂಡರೂ ರಿಯಾಯಿತಿ, ಜೊತೆಗೊಂದು ಛತ್ರಿ ಬಿಟ್ಟಿ ಅನ್ನುತ್ತಿದ್ದಳು. ಯಾರೂ ನಿಲ್ಲುತ್ತಿರಲಿಲ್ಲ. ಇಲ್ಲಕ್ಕನೂ ಇಲ್ಲ ಅಂದಳು. ಆದರೆ ದಾಟಿ ಹೋಗುವಾಗ ಹುಡುಗಿಯ ಅಂಗಿಯ ಭುಜದ ಹೊಲಿಗೆ ಬಿಚ್ಚಿರುವುದು ಅವಳ ಕಣ್ಣಿಗೆ ಬಿತ್ತು. ಆ ಹುಡುಗಿ ಬಿಚ್ಚಿದ ಹೊಲಿಗೆ ಕಾಣದಿರಲೆಂದು ಇಡೀ ದಿನ ಒಂದು ಕೈಯನ್ನು ಮೈಗೆ ಅಂಟಿಸಿಕೊಂಡೇ ನಿಂತಿದ್ದಳು. ಇಲ್ಲಕ್ಕ ಚೀಲದಿಂದ ಸೂಜಿದಾರ ತೆಗೆದು, ಅಲ್ಲೇ ಬಾಗಿಲ ಮರೆಯಲ್ಲಿ, ಮೈಮೇಲಿದ್ದಂತೆಯೇ ಹೊಲಿದುಕೊಟ್ಟಳು. ಹೊಲಿಯುವಷ್ಟು ಹೊತ್ತು ಹುಡುಗಿ ಅಲ್ಲಾಡದೆ ನಿಂತಿರಬೇಕಲ್ಲ, ನಿಂತಲ್ಲೇ ಕಾರ್ಡಿನ ಬಗ್ಗೆ ಮಾತಾಡಿದಳು. ಹೊಲಿಗೆ ಮುಗಿಯುವ ಹೊತ್ತಿಗೆ ಇಲ್ಲಕ್ಕನ ಕಾರ್ಡೂ ಆಗಿಹೋಗಿತ್ತು. ಅವಳು ಜೀವನದಲ್ಲಿ ಇಲ್ಲ ಅಂದು ಮತ್ತೆ ಹೂಂ ಅಂದದ್ದು ಅದೇ ಮೊದಲ ಸಲ ಎಂದು ಅತ್ತೆ ಈಗಲೂ ಆಡಿಕೊಳ್ಳುತ್ತಾಳೆ.

ಛತ್ರಿ ಮೊದಲ ಗಾಳಿಗೇ ಮಗುಚಿ ಬಿದ್ದಿತು. ಅದನ್ನು ನಾನೇ ಬಿಚ್ಚಿ ನೋಡಿದೆ, ರಿಪೇರಿಗೆ ಯೋಗ್ಯವಲ್ಲ.

ಕಾರ್ಡು ಮಾತ್ರ ಮೆಷೀನಿನ ಪಕ್ಕದ ಮೊಳೆಗೆ, ಕತ್ತರಿಯ ಜೊತೆ, ದಾರ ಕಟ್ಟಿಸಿಕೊಂಡು ನೇತಾಡತೊಡಗಿತು. ಇಲ್ಲಿಂದ ನಮ್ಮ ಗಲ್ಲಿಯ ಪದ್ಧತಿ ಶುರುವಾಗುತ್ತದೆ. ನಮ್ಮಲ್ಲಿ ಏಣಿ ಇರುವುದು ಒಂದೇ, ಅದು ಬಡಗಿಯ ಮನೆಯದು. ಗೋಡೆ ಕೊರೆಯುವ ಡ್ರಿಲ್ಲು ಒಂದೇ, ಅದು ನನ್ನದು. ದೊಡ್ಡ ಪಾತ್ರೆ ಒಂದೇ, ತೂಕದ ಯಂತ್ರ ಒಂದೇ. ಬೇಕಾದವರು ಹೇಳಿ ತೆಗೆದುಕೊಂಡು ಹೋಗುತ್ತಾರೆ, ಕೆಲಸವಾದ ಮೇಲೆ ತಂದಿಡುತ್ತಾರೆ. ಏಣಿ ಯಾರದು ಎಂದು ಕೇಳಿದರೆ ಬಡಗಿಯದು ಅನ್ನುತ್ತೇವೆ, ಆದರೆ ಬಡಗಿ ಅದನ್ನು ನೋಡಿ ಎಷ್ಟು ದಿನವಾಯಿತೋ ಅವನಿಗೇ ಗೊತ್ತಿಲ್ಲ. ಕಾರ್ಡೂ ಹೀಗೇ ಗಲ್ಲಿಯ ಏಣಿಯಾಯಿತು. ರಿಯಾಯಿತಿ ಇರುವಾಗ ಬಿಡುವುದೇಕೆ? ಹಣವನ್ನು ಮೊದಲು ಇಲ್ಲಕ್ಕನ ಗುಂಡಿ ಡಬ್ಬಿಗೆ ಹಾಕಬೇಕು, ಆಮೇಲೆ ಮೊಳೆಯಿಂದ ಕಾರ್ಡು ತೆಗೆಯಬೇಕು. ಅಂಗಡಿಯಲ್ಲಿ ಯಂತ್ರಕ್ಕೆ ತಾಗಿಸಿದರೆ ಸಾಕು, ಯಾರೂ ಮುಖ ನೋಡುವುದಿಲ್ಲ. ನಾನು ಕುಕ್ಕರು ತಂದೆ, ಬಡಗಿ ಹಾಸಿಗೆ ತಂದ, ಹೆಡ್‌ಮೇಡಂ ಕೂದಲಿಗೆ ಬಣ್ಣ ತಂದರು. ಡಬ್ಬಿಯ ಹಣ ಒಂದು ದಿನವೂ ತಪ್ಪಿದ್ದಿಲ್ಲ. ಇದರಲ್ಲಿ ತಪ್ಪಿದೆ ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ, ಸತ್ಯಕ್ಕೇ ಹೆಸರಾದ ಇಲ್ಲಕ್ಕನಿಗೂ ಹೊಳೆಯಲಿಲ್ಲ.

ಹಾಗೆಂದು ಕಾರ್ಡು ಸುಖ ಕೊಟ್ಟಿತು ಅಂತಲ್ಲ. ಗಿರಾಕಿಗಳ ಸಾಲು ಉದ್ದವಾದಾಗಲೇ ಅದು ಕೆಲಸ ಮಾಡುತ್ತಿರಲಿಲ್ಲ. ಕೊಂಡಷ್ಟಕ್ಕೂ ಪಾಯಿಂಟು ಬರುತ್ತವೆ ಅಂದರು. ಬಂದ ಪಾಯಿಂಟಿಗೆ ಸಿಗುವುದು ಮೇಣದಬತ್ತಿ ಮಾತ್ರ, ಅದೂ ಬೇಡ ಅನ್ನುವಷ್ಟರಲ್ಲಿ ಪಾಯಿಂಟುಗಳ ಅವಧಿ ಮುಗಿದಿತ್ತು. ದಿನಾ ಬೆಳಿಗ್ಗೆ ಅವಳ ಫೋನಿಗೆ ಪ್ರಿಯ ಗ್ರಾಹಕರೇ ಎಂದು ಒಂದು ಸಂದೇಶ ಬರುತ್ತಿತ್ತು. ನನ್ನ ಗಂಡ ಇದ್ದಾಗ ಅವರೇ ಒಂದು ದಿನ ಪ್ರಿಯ ಅಂದವರಲ್ಲ, ಇವರಿಗೇನು ಬಂತು ಎಂದು ಅವಳು ನಗುತ್ತಿದ್ದಳು.

ಇನ್ನು ಗೇಟಣ್ಣ. ಇಲ್ಲಕ್ಕನ ಎದುರು ಮನೆಯವನು, ಒಂಟಿ. ಔಷಧಿ ಕಾರ್ಖಾನೆಯ ಗೇಟಿನಲ್ಲಿ ಕಾವಲು. ಗೇಟು ಕಾರ್ಖಾನೆಯದು, ಅವನು ಮಾತ್ರ ಕಾವಲುಗಾರರನ್ನು ಒದಗಿಸುವ ಏಜೆನ್ಸಿಯವನು. ಅವನು ಅವಳಿಗೆ ಅಕ್ಕ ಅನ್ನುತ್ತಾನೆ, ಅವಳು ಅವನಿಗೆ ಅಣ್ಣ ಅನ್ನುತ್ತಾಳೆ, ಇಬ್ಬರಲ್ಲಿ ದೊಡ್ಡವರು ಯಾರೆಂದು ಗಲ್ಲಿ ಇನ್ನೂ ತೀರ್ಮಾನಿಸಿಲ್ಲ. ಅವಳ ಗಂಡ ಆಸ್ಪತ್ರೆಯಲ್ಲಿದ್ದಾಗ ಗೇಟಿನ ಕೆಲಸ ಮುಗಿಸಿ ಬಂದು ಹಾಸಿಗೆಯ ಪಕ್ಕ ಕೂತವನು ಅವನೇ. ಅವನ ಸಮವಸ್ತ್ರವನ್ನು ಅವಳೇ ಹೊಲಿಯುತ್ತಾಳೆ. ಅವನಿಗೆ ಜಗತ್ತಿನಲ್ಲಿ ಇದ್ದ ಹೆಮ್ಮೆ ಒಂದೇ: ಇಷ್ಟು ವರ್ಷದಲ್ಲಿ ಅವನ ಗೇಟಿನಿಂದ ಒಂದು ಬಾಟಲಿಯೂ ಲೆಕ್ಕ ತಪ್ಪಿ ಹೊರಗೆ ಹೋಗಿಲ್ಲ.

ಅವನ ಬೂಟು ಬಾಯಿ ಬಿಟ್ಟಿತ್ತು. ಏಜೆನ್ಸಿಯ ದೊಡ್ಡವರು ತಪಾಸಣೆಗೆ ಬರುವವರಿದ್ದರು. ಒಂದು ಮಧ್ಯಾಹ್ನ ಡಬ್ಬಿಗೆ ಹಣ ಹಾಕಿ, ಮೊಳೆಯಿಂದ ಕಾರ್ಡು ತೆಗೆದು, ಬರ್ತೀನಿ ಅಕ್ಕ ಎಂದು ಸಮವಸ್ತ್ರದಲ್ಲೇ ದೊಡ್ಡಂಗಡಿಗೆ ಹೋದ. ಕಪ್ಪು ಬೂಟು, ಹತ್ತನೇ ನಂಬರು. ಅವನ ಪಾದ ದೊಡ್ಡದು.

ಆ ವಾರ ಕಾರ್ಡಿನಲ್ಲಿ ಮಗುವಿನ ಸ್ನಾನದ ಟಬ್ಬು, ಎರಡು ಬೆಲ್ಟು, ಕೂದಲಿನ ಬಣ್ಣ, ಒಂದು ಹಾಸಿಗೆ ಎಲ್ಲ ಬಂದಿದ್ದವು. ಅದರ ಮೇಲೆ ಹತ್ತನೇ ನಂಬರಿನ ಬೂಟು. ಯಾವುದೋ ಊರಿನಲ್ಲಿರುವ ಕಂಪ್ಯೂಟರಿಗೆ ತಲೆ ಕೆಟ್ಟಿರಬೇಕು. ಇಲ್ಲಕ್ಕನ ಫೋನು ಹೊಡೆದುಕೊಂಡಿತು. ಅವಳ ಬಾಯಲ್ಲಿ ಗುಂಡುಸೂಜಿಗಳು, ಕೈಯಲ್ಲಿ ಕತ್ತರಿ. ಸೂಜಿಗಳನ್ನು ಒಂದೊಂದಾಗಿ ತೆಗೆದು ಫೋನು ಹಿಡಿದಳು. ಆಗ ನಾನು ಅವಳ ಇಸ್ತ್ರಿಪೆಟ್ಟಿಗೆಗೆ ಹೊಸ ವಯರು ಹಾಕಿ ಕೊಡಲು ಅಲ್ಲೇ ಕೂತಿದ್ದೆ. ಮಾತಾಡಿದ್ದು ಮನುಷ್ಯರಲ್ಲ, ಮೊದಲೇ ಧ್ವನಿ ತುಂಬಿಟ್ಟ ಯಂತ್ರ. ನಿಮ್ಮ ಕಾರ್ಡಿನಿಂದ ಈಗ ಗಂಡಸರ ಬೂಟು ಖರೀದಿಯಾಗಿದೆ, ಈ ಖರೀದಿ ಮಾಡಿದ್ದು ನೀವೇನಾ ಎಂದು ಕೇಳಿತು.

ಇಲ್ಲಕ್ಕ ವಿವರವಾಗಿಯೇ ಹೇಳಿದಳು. ನಾನಲ್ಲ, ಎದುರು ಮನೆ ಗೇಟಣ್ಣ, ದುಡ್ಡು ಡಬ್ಬಿಗೆ ಹಾಕೇ ಹೋಗಿದ್ದಾನೆ ಅಂದಳು. ಯಂತ್ರ, ಅರ್ಥವಾಗಲಿಲ್ಲ, ದಯವಿಟ್ಟು ಹೌದು ಅಥವಾ ಇಲ್ಲ ಎಂದು ಹೇಳಿ ಅಂದಿತು. ಅವಳು ಮತ್ತೆ ಮೊದಲಿಂದ ಶುರು ಮಾಡಿದಳು. ಅದೂ ಮತ್ತೆ ಅದನ್ನೇ ಅಂದಿತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಬೂಟು ಕೊಂಡದ್ದು ನೀನಾ ಎಂದು ಕೇಳಿದರೆ ಇರುವ ಉತ್ತರ ಒಂದೇ. ಅವಳು ಇಲ್ಲ ಅಂದಳು. ಯಂತ್ರ ಧನ್ಯವಾದ ಹೇಳಿ ಫೋನು ಇಟ್ಟಿತು. ಇಷ್ಟಕ್ಕೆ ಯಾಕೆ ಫೋನು ಮಾಡಿದರೋ ಎಂದು ಅವಳು ಗುಂಡುಸೂಜಿಗಳನ್ನು ಮತ್ತೆ ಬಾಯಿಗೆ ಹಾಕಿಕೊಂಡಳು, ನಾನು ವಯರಿನ ಸ್ಕ್ರೂ ಬಿಗಿ ಮಾಡಿದೆ.

ಗೇಟಣ್ಣ ಬಿಲ್ಲು ಮಾಡಿಸಿದ ಕೂಡಲೇ ಹೊರಟಿದ್ದರೆ ಮನೆಗೆ ಬಂದುಬಿಡುತ್ತಿದ್ದ. ಆದರೆ ಕಾರ್ಡಿನವರಿಗೆ ಬೂಟಿನ ಜೊತೆ ಕಾಲುಚೀಲ ಬಿಟ್ಟಿ ಎಂದು ಬೋರ್ಡು ಹಾಕಿದ್ದರು. ಅದರ ಸಾಲಿನಲ್ಲಿ ನಿಂತಿದ್ದ. ಅಲ್ಲಿಂದಲೇ ಅವನನ್ನು ಕರೆದುಕೊಂಡು ಹೋದರು. ಕರೆದುಕೊಂಡು ಹೋದವನು ದೊಡ್ಡಂಗಡಿಯ ಬಾಗಿಲ ಕಾವಲುಗಾರ, ಇವನಂತೆಯೇ ಸಮವಸ್ತ್ರ, ಇವನಂತೆಯೇ ಬೆಲ್ಟು. ಗೋದಾಮಿನ ಪಕ್ಕದ ಕೋಣೆಯಲ್ಲಿ ಕೂರಿಸಿ, ಕಾರ್ಡು ಯಾರದು ಎಂದು ಕೇಳಿದರು. ಟೈಲರ್ ಅಕ್ಕನದು, ಬೇಕಾದರೆ ಅವಳನ್ನೇ ಕೇಳಿ ಅಂದ. ಕೇಳಿಯಾಗಿದೆ, ಅವರು ಇಲ್ಲ ಅಂದಿದ್ದಾರೆ ಅಂದರು. ಬೂಟು ಇಟ್ಟುಕೊಂಡರು, ಕಾರ್ಡು ಇಟ್ಟುಕೊಂಡರು, ಅವನ ಫೋಟೋ ತೆಗೆದರು, ಎದೆಯ ಮೇಲಿನ ಬಿಲ್ಲೆ ನೋಡಿ ಏಜೆನ್ಸಿಗೆ ಫೋನು ಮಾಡಿದರು. ಏಜೆನ್ಸಿಯವರು ಹೆಚ್ಚು ಮಾತಾಡಲಿಲ್ಲ. ಕಳ್ಳತನದ ದೂರಿರುವವನನ್ನು ಗೇಟಿನಲ್ಲಿ ನಿಲ್ಲಿಸಲಾಗುವುದಿಲ್ಲ, ಅಂಗಡಿಯವರು ದೂರು ಮುಗಿಯಿತು ಎಂದು ಹೇಳುವ ತನಕ ಮನೆಯಲ್ಲಿರು, ವಾರದೊಳಗೆ ಆಗದಿದ್ದರೆ ಗೇಟಿಗೆ ಬೇರೆಯವರು ಬರುತ್ತಾರೆ ಅಂದರು.

ಸಂಜೆ ಅವನು ಬಾಯಿಬಿಟ್ಟ ಹಳೇ ಬೂಟಿನಲ್ಲೇ ಗಲ್ಲಿಗೆ ಬಂದ. ನೇರವಾಗಿ ಅವಳ ಬಾಗಿಲಿಗೆ ಬಂದು ನಿಂತ. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ಆಗಲೂ ಅನಿಸಿತು, ಈಗಲೂ ಅನಿಸುತ್ತದೆ.

"ಅಕ್ಕ, ನೀನು ಇಲ್ಲ ಅಂದ್ಯಂತೆ," ಅಂದ.

ಅಷ್ಟು ಹೇಳಿ ಎದುರು ಮನೆಗೆ ಹೋಗಿ ಬಾಗಿಲು ಹಾಕಿಕೊಂಡ. ಉಳಿದದ್ದನ್ನೆಲ್ಲ ನಾನು ಹೋಗಿ ಕೇಳಿಕೊಂಡು ಬಂದು ಅವಳಿಗೆ ಹೇಳಬೇಕಾಯಿತು. ಇಲ್ಲಕ್ಕ ಮೆಷೀನಿನ ಚಕ್ರದ ಮೇಲೆ ಕೈ ಇಟ್ಟುಕೊಂಡು ಕೇಳಿದಳು. ನಾನು ಹೇಳಿದ್ದು ನಿಜ ತಾನೆ ಎಂದು ನನ್ನನ್ನು ಕೇಳಿದಳು. ನಿಜವೇ ಅಂದೆ. ನಿಜವೇ ಆಗಿತ್ತಲ್ಲ.

ಅವಳು ಕೂಡಲೇ ಕಾರ್ಡಿನವರಿಗೆ ಫೋನು ಮಾಡಿದಳು. ಬಾಕಿ ತಿಳಿಯಲು ಒಂದು ಒತ್ತಿ, ಹೊಸ ಕೊಡುಗೆಗಳಿಗೆ ಎರಡು ಒತ್ತಿ, ಕಾರ್ಡು ಕಳೆದುಹೋಗಿದ್ದರೆ ಮೂರು ಒತ್ತಿ. ನಿರಪರಾಧಿಯನ್ನು ಬಿಡಿಸಲು ಯಾವುದನ್ನು ಒತ್ತಬೇಕು ಎಂದು ಅದರಲ್ಲಿ ಇರಲಿಲ್ಲ. ಒತ್ತಿ ಒತ್ತಿ ಕೊನೆಗೆ ಒಂದು ಹಾಡು ಬಂತು. ಹಾಡು ಮುಗಿದಾಗ, ದೂರುಗಳಿದ್ದರೆ ಅಂಗಡಿಯ ಕೌಂಟರಿಗೆ ಹೋಗಿ ಎಂದಿತು.

ಮಾರನೇ ದಿನ ಕೌಂಟರಿಗೆ ಹೋದೆವು. ಜೊತೆಗೆ ಬಾ ಎಂದು ನನ್ನನ್ನು ಕರೆದಳು. ಫೋನು ಬಂದಾಗ ನಾನು ಇದ್ದೆನಲ್ಲ, ಸಾಕ್ಷಿ. ದೂರಿನ ಕೌಂಟರು ಮೂರನೇ ಮಹಡಿಯಲ್ಲಿ, ಹಾಸಿಗೆ ವಿಭಾಗದ ಹಿಂದೆ. ಸಿಟ್ಟಾದವರೆಲ್ಲ ಮೆತ್ತನೆಯ ಹಾಸಿಗೆಗಳ ನಡುವೆ ನಡೆದು ಹೋಗಬೇಕು, ಆದರೆ ಪ್ರತಿಯೊಂದರ ಮೇಲೂ ಕೂರಬೇಡಿ ಎಂಬ ಚೀಟಿ. ನಿಂತಿದ್ದವರೆಲ್ಲ ಕಾರ್ಡಿನವರೇ. ಒಬ್ಬರಿಗೆ ಕೊಳ್ಳದ ಫ್ರಿಜ್ಜಿನ ಬಿಲ್ಲು ಬಂದಿತ್ತು. ಇನ್ನೊಬ್ಬರು ಕಾರ್ಡನ್ನು ವಾಪಸು ಕೊಡಲು ಬಂದಿದ್ದರು, ಅದನ್ನು ತೆಗೆದುಕೊಳ್ಳಲು ಆಗುವುದಿಲ್ಲ ಅಂತಿದ್ದರು. ಸಾಲು ಹಾಸಿಗೆಗಳನ್ನು ಸುತ್ತಿಕೊಂಡು ದಿಂಬುಗಳ ತನಕ ಬಂದಿತ್ತು.

ಕೌಂಟರಿನ ಹಿಂದೆ ಕೂತವಳು ಅದೇ ಹುಡುಗಿ. ಅಂಗಿಯ ಭುಜದಲ್ಲಿ ಇಲ್ಲಕ್ಕನ ಹೊಲಿಗೆ ಇನ್ನೂ ಗಟ್ಟಿಯಾಗಿತ್ತು. ಅವಳು ಗುರುತು ಹಿಡಿದಳು. ಇಲ್ಲಕ್ಕ ಮೊಳೆ, ಡಬ್ಬಿ, ಏಣಿ, ಯಂತ್ರದ ಪ್ರಶ್ನೆ, ಒಂದೂ ಬಿಡದೆ ಹೇಳಿದಳು. ಹುಡುಗಿ ಕೇಳಿದಳು, ಆದರೆ ಒಂದಕ್ಷರವನ್ನೂ ಕಂಪ್ಯೂಟರಿಗೆ ಬರೆದುಕೊಳ್ಳಲಿಲ್ಲ. ಆಮೇಲೆ ಮುಂದಕ್ಕೆ ಬಾಗಿ ಮೆಲ್ಲಗೆ ಹೇಳಿದಳು.

"ಆಂಟಿ, ನೀವು ಹೇಳಿದ್ದನ್ನ ಹಾಗೇ ಬರೆದ್ರೆ ಅವರ ಮೇಲಿನ ದೂರು ಹೋಗಲ್ಲ. ಕಾರ್ಡು ನಿಮ್ಮದು, ಬಳಸಿದ್ದು ಬೇರೆಯವರು. ಕೊಟ್ಟಿದ್ದು ನೀವೇ ಅಂದ್ರೂ ಇಲ್ಲಿ ಅದಕ್ಕೆ ಜಾಗ ಇಲ್ಲ. ಬೂಟು ನಾನೇ ಕೊಂಡಿದ್ದು, ಆ ಅಣ್ಣನ್ನ ತಗೊಂಡು ಬರೋಕೆ ಕಳಿಸಿದ್ದೆ, ಫೋನಲ್ಲಿ ಗೊತ್ತಾಗದೆ ಇಲ್ಲ ಅಂದೆ ಅನ್ನಿ. ಇವತ್ತೇ ಮುಗಿಯತ್ತೆ."

"ನಾನು ಕೊಂಡಿಲ್ವಲ್ಲಮ್ಮ," ಅಂದಳು ಇಲ್ಲಕ್ಕ.

"ಅದು ನನಗೂ ಗೊತ್ತು ಆಂಟಿ."

ಹಿಂದಿದ್ದವರು ಗೊಣಗತೊಡಗಿದರು. ನಿಜ ಹೇಳಿದರೆ ಕಳ್ಳ, ಸುಳ್ಳು ಹೇಳಿದರೆ ಸಾಚಾ, ಇದೆಂಥ ಅಂಗಡಿ ಎಂದು ನಾನು ಗಟ್ಟಿಯಾಗಿಯೇ ಕೇಳಿದೆ. ಫ್ರಿಜ್ಜಿನವರು ಹೌದು ಹೌದು ಅಂದರು. ಇಲ್ಲಕ್ಕ ಮಾತ್ರ ನಡಿ ಹೋಗೋಣ ಎಂದು ತಿರುಗಿದಳು.

ಆ ನಂತರದ ದಿನಗಳಲ್ಲಿ ಗಲ್ಲಿಯವರೆಲ್ಲ ಅವಳಿಗೆ ಬುದ್ಧಿ ಹೇಳಿದರು. ಬಾಯ್ಮಾತಿಗೆ ಒಂದು ಹೌದು ಅಂದರೆ ನಿನ್ನ ಗಂಟೇನು ಹೋಗುತ್ತೆ ಎಂದು ಬಡಗಿ ಕೇಳಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ಎಂದು ಹೆಡ್‌ಮೇಡಂ ನಿಟ್ಟುಸಿರು ಬಿಟ್ಟರು. ಅತ್ತೆ ಗುಂಡಿಯ ಕಾಜ ಹೊಲಿಯುತ್ತ, ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ, ನಿನಗೆ ಒಂದು ಸುಳ್ಳಿಗೇ ಬರಗಾಲ ಅಂದಳು. ಇಲ್ಲಕ್ಕ ಮೆಷೀನು ಓಡಿಸುತ್ತಲೇ ಇದ್ದಳು. ಅವಳ ಕಷ್ಟ ನನಗೆ ಅರ್ಥವಾಗುತ್ತಿತ್ತು. ಅವಳಿಗೆ ಅಪ್ಪ ಬಿಟ್ಟುಹೋದ ಮನೆಯಿಲ್ಲ, ಗಂಡ ಬಿಟ್ಟುಹೋದ ನಿವೃತ್ತಿ ವೇತನವಿಲ್ಲ. ಇದ್ದದ್ದು ಒಂದು ಮೆಷೀನು, ಮತ್ತು ಇವಳ ಬಾಯಲ್ಲಿ ಬಂದರೆ ಸುಳ್ಳಾಗುವುದಿಲ್ಲ ಎಂಬ ಮಾತು. ಅದನ್ನು ಒಡೆದ ಮೇಲೆ ಮತ್ತೆ ಹೊಲಿದುಕೊಳ್ಳಲಾದೀತೇ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆದರೆ ಮೆಷೀನು ಕಿಟಕಿಯ ಹತ್ತಿರ ಇದೆ, ಕಿಟಕಿಯ ಎದುರಿಗೆ ಗೇಟಣ್ಣನ ಮೆಟ್ಟಿಲು. ಅವನು ಬೆಳಗಾದರೆ ಸಮವಸ್ತ್ರ ಹಾಕಿಕೊಂಡು, ಕಾಲಿಗೆ ರಬ್ಬರ್ ಚಪ್ಪಲಿ ಮೆಟ್ಟಿ, ಆ ಮೆಟ್ಟಿಲ ಮೇಲೆ ಕೂರುತ್ತಿದ್ದ. ಸಮವಸ್ತ್ರ ಯಾಕೆ ಎಂದು ಕೇಳಿದ್ದಕ್ಕೆ, ಫೋನು ಬಂದರೆ ತಡವಾಗಬಾರದಲ್ಲ ಅಂದ. ಗಲ್ಲಿಯಲ್ಲಿ ಕಾರು ಬಂದರೆ ಅಭ್ಯಾಸಬಲದಿಂದ ಎದ್ದು ನಿಲ್ಲುತ್ತಿದ್ದ, ಆಮೇಲೆ ತನಗೆ ತಾನೇ ನೆನಪಿಸಿಕೊಂಡು ಕೂರುತ್ತಿದ್ದ. ಬಡಗಿಯ ಮನೆಯ ಏಣಿ ಅವನಲ್ಲಿತ್ತು. ಅದನ್ನು ಹೊತ್ತುಕೊಂಡು ಹೋಗಿ ಬಡಗಿಯ ಮನೆಗೆ ಒಪ್ಪಿಸಿದ, ನೋಡಿಕೋ, ಎಲ್ಲ ಸರಿಯಿದೆ ತಾನೆ ಎಂದು ಮೂರು ಸಲ ಕೇಳಿದ. ಹಿಂದೆಂದೂ ನಮ್ಮಲ್ಲಿ ಯಾರೂ ಯಾರಿಗೂ ಹಾಗೆ ಒಪ್ಪಿಸಿದ್ದಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಗಾದೆಯಲ್ಲಿ ನಗುತ್ತಾರಲ್ಲ, ಕದಿಯದವನೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ ಎಂದು ನನಗೆ ಆ ದಿನ ಗೊತ್ತಾಯಿತು. ಇಲ್ಲಕ್ಕ ಅದನ್ನು ಕಿಟಕಿಯಿಂದ ನೋಡಿದಳು. ಮೆಷೀನು ನಿಲ್ಲಿಸಿದಳು.

ವಾರ ಮುಗಿಯಲು ಬಂದಿತ್ತು. ಮರುದಿನ ಬೆಳಿಗ್ಗೆ ನನ್ನ ಅಂಗಡಿಯ ಮುಂದೆ ಬಂದು ನಿಂತು, ನಡಿ ಅಂದಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಟೇಪು ಕೊರಳಲ್ಲೇ ಇತ್ತು, ತೆಗೆದಿಡಲು ಮರೆತಿದ್ದಳು.

ಈ ಸಲ ಹುಡುಗಿ ಅವಳ ಮುಖ ನೋಡಿದವಳೇ ಒಳಗೆ ಹೋಗಿ ಮ್ಯಾನೇಜರನ್ನು ಕರೆತಂದಳು. ಹಾಗೆ ಮುಗಿಸಬೇಕಾದರೆ ಅವರ ಒಪ್ಪಿಗೆ ಬೇಕಂತೆ. ಮ್ಯಾನೇಜರ್ ಚಿಕ್ಕ ವಯಸ್ಸಿನವರು, ಕೆಟ್ಟವರಲ್ಲ. ಕೋಟಿನ ಬಲ ತೋಳು ಎಡಕ್ಕಿಂತ ಉದ್ದ ಇತ್ತು. ಅದನ್ನು ನಾನೇ ಗಮನಿಸಿದೆ ಎಂದರೆ ಅವಳು ಗಮನಿಸದೇ ಇರುತ್ತಾಳೆಯೇ? ಏನೂ ಹೇಳಲಿಲ್ಲ. ಆಗಲೇ ನನಗೆ ಅವಳ ಸ್ಥಿತಿ ತಿಳಿಯಿತು.

ಆ ಬೂಟಿನ ಪೆಟ್ಟಿಗೆಯನ್ನು ತರಿಸಿ ಕೌಂಟರಿನ ಮೇಲೆ ಇಟ್ಟರು. ಮೇಡಂ, ಈ ಖರೀದಿ ನಿಮ್ಮದೇ ಅಂತೆ, ಯಾರಿಗೋಸ್ಕರ ಎಂದು ಮ್ಯಾನೇಜರ್ ಕೇಳಿದರು. ಹುಡುಗಿ ಹೇಳಿಕೊಟ್ಟಿದ್ದರಲ್ಲಿ ಈ ಪ್ರಶ್ನೆ ಇರಲಿಲ್ಲ. ಗಂಡನಿಗೆ ಅನ್ನಬಹುದಿತ್ತು, ಅಣ್ಣನಿಗೆ ಅನ್ನಬಹುದಿತ್ತು. ಸುಳ್ಳು ಹೇಳಿ ಅಭ್ಯಾಸವಿದ್ದವರಿಗೆ ಇಂಥವೆಲ್ಲ ಸಲೀಸು. ಇಲ್ಲಕ್ಕನಿಗೆ ಅಭ್ಯಾಸವಿರಲಿಲ್ಲ.

"ನನಗೆ," ಅಂದಳು.

ಮ್ಯಾನೇಜರ್ ಪೆಟ್ಟಿಗೆಯ ಮೇಲಿನ ನಂಬರು ನೋಡಿದರು. ಬಗ್ಗಿ ಅವಳ ಪಾದ ನೋಡಿದರು. ಅವಳ ಪಾದ ಚಿಕ್ಕದು, ಮಕ್ಕಳ ವಿಭಾಗದಲ್ಲಿ ಚಪ್ಪಲಿ ಕೊಳ್ಳುವವಳು. ಹುಡುಗಿ ಕಂಪ್ಯೂಟರಿನ ಹಿಂದೆ ಮುಖ ಮರೆಮಾಡಿಕೊಂಡಳು. ಸಾಲಿನಲ್ಲಿದ್ದವರು ಕತ್ತು ಚಾಚಿ ನೋಡಿದರು. ನನಗೆ ಆ ಕ್ಷಣ ಅಲ್ಲಿಂದ ಓಡಿಹೋಗಬೇಕು ಅನಿಸಿತು.

ಇಲ್ಲಕ್ಕ ಚಪ್ಪಲಿ ಕಳಚಿದಳು. ಪೆಟ್ಟಿಗೆಯಿಂದ ಬೂಟು ತೆಗೆದು ಕೆಳಗಿಟ್ಟು, ಒಳಗೆ ಕಾಲಿಟ್ಟು, ಬಗ್ಗಿ ಲೇಸು ಕಟ್ಟಿದಳು. ಹೊಲಿಗೆಯವಳ ಗಂಟು, ಬಿಚ್ಚುವಂಥದ್ದಲ್ಲ. ಆಮೇಲೆ, ಯಾರೂ ಹೇಳದೆ, ಕೌಂಟರಿನಿಂದ ಹಾಸಿಗೆಗಳ ತನಕ ನಡೆದಳು. ಹೆಜ್ಜೆಹೆಜ್ಜೆಗೂ ಹಿಮ್ಮಡಿ ಬೂಟಿನೊಳಗಿಂದ ಎದ್ದು ಬರುತ್ತಿತ್ತು, ಬೂಟು ಒಂದು ಚಣ ತಡವಾಗಿ ನೆಲಕ್ಕೆ ಬಡಿಯುತ್ತಿತ್ತು. ತಿರುಗಿ ಅಷ್ಟೇ ದೂರ ನಡೆದು ಬಂದು ನಿಂತಳು. ಎಷ್ಟು ಜನರನ್ನು ಅವಳು ಹೀಗೆ ನಡೆಸಿದ್ದಾಳೋ, ಎಷ್ಟು ಜನರಿಗೆ ಇಲ್ಲ, ಇದು ಸರಿಯಿಲ್ಲ, ಬಿಚ್ಚಿ ಎಂದಿದ್ದಾಳೋ.

"ಅಳತೆ ಸರಿ ಇದೆಯಾ ಮೇಡಂ?" ಎಂದು ಮ್ಯಾನೇಜರ್ ಕೇಳಿದರು. ಅವರ ಧ್ವನಿಯಲ್ಲಿ ವ್ಯಂಗ್ಯವಿರಲಿಲ್ಲ.

ಇಲ್ಲಕ್ಕ ಕೊರಳಿನ ಟೇಪನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು.

"ಹೌದು," ಅಂದಳು. "ಸರಿಯಾಗಿದೆ."

ಮ್ಯಾನೇಜರ್ ಹುಡುಗಿಯ ಕಡೆ ತಲೆಯಾಡಿಸಿದರು. ಹುಡುಗಿ ಒಂದು ಗುಂಡಿ ಒತ್ತಿದಳು. ಅಷ್ಟೇ, ದೂರು ಮುಗಿಯಿತು, ಏಜೆನ್ಸಿಗೆ ಈಗಲೇ ಸಂದೇಶ ಹೋಗುತ್ತದೆ ಅಂದಳು. ಕಾರ್ಡನ್ನು ವಾಪಸು ಕೊಡಲು ಬಂದಾಗ ಇಲ್ಲಕ್ಕ ಬೇಡ ಅಂದಳು. ವಾಪಸು ತೆಗೆದುಕೊಳ್ಳಲು ಬರುವುದಿಲ್ಲ ಎಂಬ ಮಾತು ಅವಳ ಹತ್ತಿರ ನಡೆಯಲಿಲ್ಲ. ಹುಡುಗಿಯ ಮೇಜಿನ ಕತ್ತರಿಯನ್ನೇ ತೆಗೆದುಕೊಂಡು ಕಾರ್ಡನ್ನು ನಡುವೆ ನೇರವಾಗಿ ಕತ್ತರಿಸಿ ಅಲ್ಲೇ ಇಟ್ಟಳು. ಸಾಲಿನಲ್ಲಿದ್ದ ಒಬ್ಬರು ಆ ಕತ್ತರಿಯನ್ನು ಕೇಳಿ ಪಡೆದದ್ದನ್ನೂ ನೋಡಿದೆ.

ಚಪ್ಪಲಿಯನ್ನು ನಾನು ಹಿಡಿದುಕೊಂಡೆ. ಅವಳು ಬೂಟಿನಲ್ಲೇ ಮೂರು ಮಹಡಿ ಇಳಿದಳು. ಈಗಲಾದರೂ ಬಿಚ್ಚು ಅಕ್ಕ ಅಂದರೆ, ಎಲ್ಲರೂ ನೋಡ್ತಿದ್ದಾರೆ ಸುಮ್ಮನಿರು ಅಂದಳು. ಬಾಗಿಲಲ್ಲಿ ಆ ಕಾವಲುಗಾರ ಬಿಲ್ಲು ನೋಡಿದ, ಬೂಟು ನೋಡಿದ. ಅವನಿಗೆ ಗೊತ್ತಿರದೇ ಇರುತ್ತದೆಯೇ, ಹಿಡಿದವನು ಅವನೇ. ಬಾಗಿಲು ತೆರೆದು, ಅವಳು ದಾಟುವ ತನಕ ಹಿಡಿದು ನಿಂತ.

ಗಲ್ಲಿ ಬರುವ ಹೊತ್ತಿಗೆ ಅವಳ ಎರಡೂ ಹಿಮ್ಮಡಿ ಸುಲಿದಿತ್ತು. ಗೇಟಣ್ಣನ ಮೆಟ್ಟಿಲ ಮೇಲೆ ಕೂತು ಲೇಸು ಬಿಚ್ಚಿ, ಬೂಟಿನ ಧೂಳನ್ನು ಬಟ್ಟೆಯ ತುದಿಯಿಂದ ಒರೆಸಿ, ಜೋಡಿಸಿಟ್ಟು, ಬರಿಗಾಲಲ್ಲಿ ಗಲ್ಲಿ ದಾಟಿ ಮೆಷೀನಿಗೆ ಹೋಗಿ ಕೂತಳು. ಅವಳು ಕುಂಟುತ್ತ ದಾಟುವುದನ್ನು ನೋಡಿ ನಾನು ಅಂಗಡಿಗೆ ಹೋಗದೆ ಅವಳ ಬಾಗಿಲಲ್ಲೇ ನಿಂತೆ. ಅತ್ತೆ ಏನಾಯಿತು ಎಂದು ಎರಡು ಸಲ ಕೇಳಿದಳು.

ಗೇಟಣ್ಣನಿಗೆ ಅಷ್ಟರಲ್ಲಿ ಏಜೆನ್ಸಿಯ ಫೋನು ಬಂದಿತ್ತು, ಬೂಟು ಕೊಂಡದ್ದು ತಾನೇ ಎಂದು ಕಾರ್ಡಿನವಳು ಒಪ್ಪಿದ್ದೂ ತಿಳಿದಿತ್ತು. ಸಮವಸ್ತ್ರ ಹೇಗೂ ಮೈಮೇಲಿತ್ತು. ಬಾಗಿಲು ತೆರೆದು ಬೂಟು ನೋಡಿದ. ಹಾಕಿಕೊಂಡ. ಗಲ್ಲಿ ದಾಟಿ ಅವಳ ಬಾಗಿಲಿಗೆ ಬಂದ, ಅವತ್ತು ನಿಂತಲ್ಲೇ ನಿಂತ.

"ಅಕ್ಕ, ನೀನು ಹೌದು ಅಂದ್ಯಂತೆ," ಅಂದ.

ಅವಳು ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದಳು. ಅವನ ಕಾಲು ನೋಡಿದಳು. ಬಾಗಿಲ ತನಕ ನಡೆದು ತೋರಿಸು ಅಂದಳು. ಅವನು ಮೆಷೀನಿನ ತನಕ ಬಂದು, ಬಾಗಿಲ ತನಕ ಹೋಗಿ ತಿರುಗಿದ. ಬೂಟು ಸದ್ದಿಲ್ಲದೆ ಕಾಲಿನ ಜೊತೆಗೇ ಎದ್ದು ಜೊತೆಗೇ ಇಳಿಯಿತು.

"ನನಗೆ ಸರಿ ಇರಲಿಲ್ಲ ಕಣಣ್ಣ," ಅಂದಳು. "ದೊಡ್ಡದಾಗಿತ್ತು."